ಆಫ್ ಮಾಡಿದ ಮೇಲೂ ಕೆಲಸ ಮಾಡುವ ಸೆಷನ್ ಸೆಟ್ಟಿಂಗ್‌ಗಳು

ಈ ಸಲ ಆರಿಸಿಕೊಂಡಿರುವ ಪ್ರಶ್ನೆಗಳೆಲ್ಲ ಒಂದೇ ತೊಂದರೆಯ ಬೇರೆ ಬೇರೆ ರೂಪಗಳು. ಡೆಸ್ಕ್‌ಟಾಪ್ ಸೆಷನ್ನಿಗೆ (ಲಾಗಿನ್ ಆದಾಗಿನಿಂದ ಲಾಗ್‌ಔಟ್ ಆಗುವವರೆಗಿನ ಕೆಲಸದ ಅವಧಿಗೆ) ಸಂಬಂಧಿಸಿದ ಯಾವುದೋ ಸೌಲಭ್ಯವನ್ನು ಓದುಗರು ಆಫ್ ಮಾಡಿದ್ದಾರೆ. ಅದು ಆಫ್ ಆಗಿದೆಯೆಂದು ಪರದೆಯೂ ತೋರಿಸುತ್ತಿದೆ. ಆದರೆ ಕೆಲಸ ಮಾತ್ರ ನಿಂತಿಲ್ಲ. ಮೊದಲ ಪ್ರಶ್ನೆಯ ಉತ್ತರವನ್ನು ವಿಸ್ತಾರವಾಗಿ ಬರೆದಿದ್ದೇನೆ. ಉಳಿದ ಪ್ರಶ್ನೆ ಕೇಳಿದವರೂ ಅದನ್ನು ಓದಿಯೇ ಮುಂದಕ್ಕೆ ಹೋಗುವುದು ಒಳ್ಳೆಯದು.

ಪ್ರಶ್ನೆ: ನಾನು ಲಿನಕ್ಸ್‌ನಲ್ಲಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುತ್ತೇನೆ. ಲಾಗ್‌ಔಟ್ ಆಗುವಾಗ ತೆರೆದಿದ್ದ ತಂತ್ರಾಂಶಗಳನ್ನು ನೆನಪಿಟ್ಟುಕೊಂಡು ಮುಂದಿನ ಲಾಗಿನ್‌ನಲ್ಲಿ ಮತ್ತೆ ತೆರೆಯುವ ಸೌಲಭ್ಯ ಅದರಲ್ಲಿದೆ. ನನಗೆ ಅದು ಬೇಡವಾಗಿ, ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿದೆ. ಆದರೂ ಪ್ರತಿ ಸಲ ಲಾಗಿನ್ ಆದಾಗ ಅವೇ ಮೂರು ಟರ್ಮಿನಲ್‌ಗಳು, ಅವೇ ಎರಡು ಫೋಲ್ಡರ್‌ಗಳು ತೆರೆದುಕೊಳ್ಳುತ್ತವೆ. ಹಿಂದಿನ ದಿನ ಅವುಗಳಲ್ಲಿ ಒಂದನ್ನೂ ನಾನು ತೆರೆದಿರುವುದಿಲ್ಲ. ಟಿಕ್ ಗುರುತನ್ನು ಮತ್ತೆ ಹಾಕಿ ತೆಗೆದೆ, ಕಂಪ್ಯೂಟರನ್ನು ಮರುಚಾಲನೆ ಮಾಡಿದೆ, ಏನೂ ಬದಲಾಗಲಿಲ್ಲ. ಲಿನಕ್ಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಳ್ಳಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ದಾರಿ ಇದೆ, ಮತ್ತು ಅದು ಸುಲಭವಾಗಿಯೇ ಇದೆ. ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾದ ಅಗತ್ಯ ಖಂಡಿತ ಇಲ್ಲ.

ಪ್ರತಿ ಸಲವೂ ಅವೇ ಐದು ವಿಂಡೋಗಳು ಬರುತ್ತವೆ, ಹಿಂದಿನ ದಿನ ತೆರೆದಿದ್ದವು ಬರುವುದಿಲ್ಲ ಎಂಬುದನ್ನು ನೀವು ಗಮನಿಸಿ ಬರೆದಿದ್ದೀರಲ್ಲ, ಉತ್ತರದ ಅರ್ಧ ಭಾಗ ಅದರಲ್ಲೇ ಇದೆ. ನಿಮ್ಮ ಸೆಟ್ಟಿಂಗ್ ನಿಜಕ್ಕೂ ಕೆಲಸ ಮಾಡದೆ ಇದ್ದಿದ್ದರೆ ನಿನ್ನೆ ರಾತ್ರಿ ನೀವು ಬಿಟ್ಟುಹೋದ ವಿಂಡೋಗಳು ಇಂದು ಬೆಳಿಗ್ಗೆ ಕಾಣಿಸಬೇಕಿತ್ತು. ಹಾಗೆ ಕಾಣಿಸುತ್ತಿಲ್ಲ ಎಂದ ಮೇಲೆ ಉಳಿಸುವ ಕೆಲಸ ನಿಂತಿದೆ ಎಂದೇ ಅರ್ಥ. ನಿಲ್ಲದೆ ಇರುವುದು, ಹಿಂದೊಮ್ಮೆ ಉಳಿಸಿಟ್ಟದ್ದನ್ನು ಮತ್ತೆ ತೆರೆಯುವ ಕೆಲಸ. ನೀವು ಗುರುತು ತೆಗೆದ ಆಯ್ಕೆಯ ಪೂರ್ಣ ಹೆಸರು ‘ಲಾಗ್‌ಔಟ್ ಆಗುವಾಗ ಸೆಷನ್ನನ್ನು ತಾನಾಗಿಯೇ ಉಳಿಸು’ ಎಂಬರ್ಥದ್ದು. ಅದರ ಅಧಿಕಾರ ಲಾಗ್‌ಔಟ್ ಆಗುವ ಹೊತ್ತಿಗೆ ಮಾತ್ರ ಸೀಮಿತವಾಗಿದೆ. ಲಾಗಿನ್ ಆಗುವ ಹೊತ್ತಿನಲ್ಲಿ ಸೆಷನ್ ಮ್ಯಾನೇಜರ್ ಎಂಬ ತಂತ್ರಾಂಶವು ಆ ಗುರುತನ್ನು ನೋಡುವುದೇ ಇಲ್ಲ. ಉಳಿಸಿಟ್ಟ ಸೆಷನ್ನಿನ ಕಡತ ಇದೆಯೇ ಎಂದು ಹುಡುಕುತ್ತದೆ, ಇದ್ದರೆ ಅದರಲ್ಲಿರುವುದನ್ನೆಲ್ಲ ತೆರೆಯುತ್ತದೆ. ಹೊಸ ಫೋಟೊ ತೆಗೆಯುವುದನ್ನು ನಿಲ್ಲಿಸಿದ ಮಾತ್ರಕ್ಕೆ ಗೋಡೆಯ ಮೇಲಿರುವ ಹಳೆಯ ಫೋಟೊ ತಾನಾಗಿ ಕೆಳಗಿಳಿಯುವುದಿಲ್ಲ. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಆಗಿರುವುದೂ ಅಷ್ಟೇ. ಮೇಲಾಗಿ, ಉಳಿಸುವ ಕೆಲಸ ನಿಂತುಹೋದದ್ದರಿಂದ ಆ ಹಳೆಯ ಕಡತದ ಮೇಲೆ ಹೊಸದನ್ನು ಬರೆಯುವವರೇ ಇಲ್ಲವಾಗಿದ್ದಾರೆ. ಸೌಲಭ್ಯ ಆನ್ ಇದ್ದಾಗ ದಿನದಿನಕ್ಕೆ ಬದಲಾಗುತ್ತಿದ್ದ ಸೆಷನ್, ನೀವು ಅದನ್ನು ಆಫ್ ಮಾಡಿದ ದಿನವೇ ಸ್ಥಿರವಾಗಿ ನಿಂತುಬಿಟ್ಟಿದೆ.

ಆ ಕಡತವನ್ನು ನೀವು ಕಣ್ಣಾರೆ ನೋಡಬಹುದು. ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿಸಿಟ್ಟ ಫೋಲ್ಡರ್‌ಗಳನ್ನು ತೋರಿಸುವ ಆಯ್ಕೆಯನ್ನು ಆನ್ ಮಾಡಿಕೊಂಡರೆ, ಚುಕ್ಕಿಯಿಂದ ಆರಂಭವಾಗುವ ‘ಕ್ಯಾಶ್’ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ‘ಸೆಷನ್ಸ್’ ಎಂಬ ಫೋಲ್ಡರಿನಲ್ಲಿ, ಎಕ್ಸ್‌ಎಫ್‌ಸಿಇ4-ಸೆಷನ್ ಎಂದು ಶುರುವಾಗಿ ನಿಮ್ಮ ಕಂಪ್ಯೂಟರಿನ ಹೆಸರು ಮತ್ತು ಡಿಸ್‌ಪ್ಲೇ ಸಂಖ್ಯೆಯಿಂದ ಮುಗಿಯುವ ಹೆಸರಿನ ಕಡತ ಇರುತ್ತದೆ. ಅದು ಸಾದಾ ಪಠ್ಯ ಕಡತ, ಯಾವ ಟೆಕ್ಸ್ಟ್ ಎಡಿಟರ್‌ನಲ್ಲಾದರೂ ತೆರೆದುಕೊಳ್ಳುತ್ತದೆ. ಒಳಗೆ ಪ್ರತಿಯೊಂದು ತಂತ್ರಾಂಶಕ್ಕೂ ‘ಕ್ಲೈಂಟ್’ ಎಂಬ ಹೆಸರಿನೊಂದಿಗೆ 0, 1, 2 ಎಂದು ಸಂಖ್ಯೆ ಕೊಟ್ಟಿರುತ್ತದೆ. ಒಂದು ಸಾಲಿನಲ್ಲಿ ತಂತ್ರಾಂಶದ ಹೆಸರು, ಇನ್ನೊಂದು ಸಾಲಿನಲ್ಲಿ ಅದನ್ನು ಮತ್ತೆ ಚಾಲೂ ಮಾಡಲು ಬೇಕಾದ ಪೂರ್ಣ ಆದೇಶ, ಕೊನೆಯಲ್ಲಿ ಒಟ್ಟು ಎಷ್ಟು ಕ್ಲೈಂಟ್‌ಗಳಿವೆ ಎಂಬ ಲೆಕ್ಕ. ನಿಮ್ಮನ್ನು ಕಾಡುತ್ತಿರುವ ಮೂರು ಟರ್ಮಿನಲ್‌ಗಳು ಅಲ್ಲಿ ಸಾಲಾಗಿ ಕುಳಿತಿರುವುದನ್ನು ನೋಡಿದ ಮೇಲೆ ಮನಸ್ಸಿನ ಗೊಂದಲ ಪೂರ್ತಿ ಹೋಗುತ್ತದೆ. ಸರಿಪಡಿಸುವ ಮೊದಲು ಒಮ್ಮೆ ಆ ಕಡತವನ್ನು ತೆರೆದು ಓದಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಕಾರಣವನ್ನು ಕಂಡವರಿಗೆ ಮುಂದಿನ ಸಲ ಇಂಥದ್ದೇ ಇನ್ನೊಂದು ತೊಂದರೆ ಎದುರಾದಾಗ ಎಲ್ಲಿ ಹುಡುಕಬೇಕೆಂದು ತಾನಾಗಿಯೇ ಹೊಳೆಯುತ್ತದೆ.

ಇನ್ನು ಪರಿಹಾರ. ‘ಸೆಷನ್ ಅಂಡ್ ಸ್ಟಾರ್ಟಪ್’ ಎಂಬ ಸೆಟ್ಟಿಂಗ್ಸ್ ವಿಂಡೋದಲ್ಲಿ ಉಳಿಸಿಟ್ಟ ಸೆಷನ್‌ಗಳನ್ನು ಅಳಿಸಲು ಪ್ರತ್ಯೇಕ ಬಟನ್ ಇದೆ. ನಿಮ್ಮ ಆವೃತ್ತಿಗೆ ತಕ್ಕಂತೆ ಅದು ಸೆಷನ್ ಕುರಿತ ಟ್ಯಾಬಿನಲ್ಲೋ ಉಳಿಸಿಟ್ಟ ಸೆಷನ್‌ಗಳ ಟ್ಯಾಬಿನಲ್ಲೋ ಸಿಗುತ್ತದೆ. ಅದನ್ನು ಒತ್ತಿದರೆ ಸಾಕು. ಅಥವಾ ಮೇಲೆ ಹೇಳಿದ ಫೋಲ್ಡರಿನಲ್ಲಿರುವ ಕಡತಗಳನ್ನು, ಬ್ಯಾಕಪ್ ಪ್ರತಿ ಇದ್ದರೆ ಅದನ್ನೂ ಸೇರಿಸಿ, ನೀವೇ ಅಳಿಸಬಹುದು. ಹೀಗೆ ಮಾಡಿದರೆ ಪ್ಯಾನೆಲ್, ವಾಲ್‌ಪೇಪರ್ ಎಲ್ಲ ಮಾಯವಾದಾವು ಎಂದು ಹೆದರಬೇಡಿ. ಉಳಿಸಿದ ಸೆಷನ್ ಸಿಗದಿದ್ದಾಗ ಎಕ್ಸ್‌ಎಫ್‌ಸಿಇ ತನ್ನೊಳಗಿನ ‘ಫೇಲ್‌ಸೇಫ್’ ಎಂಬ ಮೂಲ ಸೆಷನ್ನಿಗೆ ಮರಳುತ್ತದೆ. ವಿಂಡೋ ಮ್ಯಾನೇಜರ್, ಸೆಟ್ಟಿಂಗ್ಸ್ ಸೇವೆ, ಪ್ಯಾನೆಲ್, ಫೈಲ್ ಮ್ಯಾನೇಜರಿನ ಹಿನ್ನೆಲೆ ಸೇವೆ ಮತ್ತು ಡೆಸ್ಕ್‌ಟಾಪ್ ಚಿತ್ರವನ್ನು ನೋಡಿಕೊಳ್ಳುವ ತಂತ್ರಾಂಶ, ಇವಿಷ್ಟು ಅದರಲ್ಲಿ ಇದ್ದೇ ಇರುತ್ತವೆ. ಪ್ಯಾನೆಲನ್ನು ನೀವು ಹೇಗೆ ಜೋಡಿಸಿಕೊಂಡಿದ್ದೀರಿ ಎಂಬುದು ಬೇರೆ ಕಡೆ ದಾಖಲಾಗಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ.

ಆದರೆ ಇಲ್ಲಿ ಕ್ರಮ ತಪ್ಪಿದರೆ ಶ್ರಮ ವ್ಯರ್ಥವಾಗುತ್ತದೆ, ಏಕೆಂದರೆ ಉಳಿಸುವ ಸ್ವಿಚ್ ಈ ಡೆಸ್ಕ್‌ಟಾಪ್‌ನಲ್ಲಿ ಒಂದಲ್ಲ, ಎರಡಿವೆ. ಸೆಟ್ಟಿಂಗ್ಸ್ ವಿಂಡೋದಲ್ಲಿ ನೀವು ಗುರುತು ತೆಗೆದದ್ದು ಒಂದು. ಒಳಗಿನ ದಾಖಲೆಯಲ್ಲಿ ಅದರ ಹೆಸರು ‘ಆಟೋಸೇವ್’. ಲಾಗ್‌ಔಟ್ ಆಗುವಾಗ ಬರುವ ಚಿಕ್ಕ ವಿಂಡೋದ ಕೆಳಭಾಗದಲ್ಲಿ ‘ಮುಂದಿನ ಲಾಗಿನ್‌ಗಳಿಗಾಗಿ ಸೆಷನ್ ಉಳಿಸು’ ಎಂಬರ್ಥದ ಇನ್ನೊಂದು ಚೌಕ ಇರುತ್ತದೆ. ಅದರ ಹೆಸರು ‘ಸೇವ್ ಆನ್ ಎಕ್ಸಿಟ್’. ಎರಡನೆಯದು ತಾನು ಕೊನೆಯ ಸಲ ಇದ್ದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ. ಮೊದಲನೆಯದು ಆನ್ ಇದ್ದಾಗ ಎರಡನೆಯದನ್ನು ತೋರಿಸುವುದಿಲ್ಲ. ನೀವು ಮೊದಲನೆಯದನ್ನು ಆಫ್ ಮಾಡಿದ ಕೂಡಲೇ ಎರಡನೆಯದು ಪ್ರತ್ಯಕ್ಷವಾಗುತ್ತದೆ, ಅದರಲ್ಲಿ ಟಿಕ್ ಗುರುತು ಮೊದಲೇ ಬಿದ್ದಿರುವ ಸಾಧ್ಯತೆಯೂ ಇದೆ, ಅವಸರದಲ್ಲಿ ಲಾಗ್‌ಔಟ್ ಒತ್ತುವವರು ಅದನ್ನು ನೋಡುವುದೇ ಇಲ್ಲ. ಆದ್ದರಿಂದ ಮೊದಲು ಸೆಟ್ಟಿಂಗ್ಸ್‌ನ ಗುರುತು ತೆಗೆಯಿರಿ, ಆಮೇಲೆ ಉಳಿಸಿಟ್ಟ ಸೆಷನ್ ಅಳಿಸಿ, ಕೊನೆಗೆ ಲಾಗ್‌ಔಟ್ ವಿಂಡೋದಲ್ಲಿರುವ ಚೌಕವೂ ಖಾಲಿ ಇದೆಯೆಂದು ನೋಡಿಕೊಂಡೇ ಹೊರಬನ್ನಿ. ಈ ಕೊನೆಯದನ್ನು ಮರೆತರೆ, ಹಳೆಯ ಕಡತ ಅಳಿಸಿದ ಮರುಕ್ಷಣವೇ ಹೊಸ ಕಡತ ಹುಟ್ಟಿಕೊಳ್ಳುತ್ತದೆ.

ಒಂದೇ ಒಂದು ತಂತ್ರಾಂಶ ಮಾತ್ರ ಹಠ ಹಿಡಿದಿದ್ದರೆ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಸೆಷನ್ನನ್ನು ಉಳಿಸುವ ಮತ್ತು ಮರಳಿ ತರುವ ಈ ವ್ಯವಸ್ಥೆ, ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ವಿಂಡೋ ಸಿಸ್ಟಮ್‌ಗೆ ಸೇರಿದ್ದು. 1994ರಲ್ಲಿ ಬಿಡುಗಡೆಯಾದ ಅದರ ಎಕ್ಸ್11ಆರ್6 ಆವೃತ್ತಿಯ ಜೊತೆ ಬಂದ ಸೆಷನ್ ನಿರ್ವಹಣಾ ನಿಯಮಾವಳಿಯೇ ಇಂದಿಗೂ ಇಲ್ಲಿ ಕೆಲಸ ಮಾಡುತ್ತಿದೆ. ಆ ನಿಯಮಾವಳಿಯ ಪ್ರಕಾರ ಪ್ರತಿಯೊಂದು ತಂತ್ರಾಂಶವೂ ತನ್ನನ್ನು ಯಾವಾಗ ಮತ್ತೆ ತೆರೆಯಬೇಕೆಂದು ಸೆಷನ್ ಮ್ಯಾನೇಜರಿಗೆ ತಿಳಿಸುತ್ತದೆ. ಸೆಷನ್ ಮುಗಿಯುವಾಗ ಚಾಲನೆಯಲ್ಲಿದ್ದರೆ ಮಾತ್ರ ತೆರೆ, ಮುಚ್ಚಿದ್ದರೂ ಮುಂದಿನ ಸಲ ತೆರೆ, ಮುಚ್ಚಿದ ತಕ್ಷಣವೇ ತೆರೆ, ಎಂದೂ ತೆರೆಯಬೇಡ ಎಂದು ನಾಲ್ಕು ಬಗೆಗಳಿವೆ. ಎಕ್ಸ್‌ಎಫ್‌ಸಿಇಯ ಸೆಷನ್ ಟ್ಯಾಬಿನಲ್ಲಿ ಪ್ರತಿ ತಂತ್ರಾಂಶದ ಎದುರಿಗೂ ಈ ಬಗೆ ಕಾಣುತ್ತದೆ, ಬದಲಾಯಿಸಲೂ ಬರುತ್ತದೆ. ಎಷ್ಟು ಸಲ ಮುಚ್ಚಿದರೂ ಮರುಕ್ಷಣವೇ ಎದ್ದು ನಿಲ್ಲುವ ತಂತ್ರಾಂಶ ಯಾವುದಾದರೂ ಇದ್ದರೆ ಅದರ ಬಗೆ ‘ಇಮ್ಮೀಡಿಯೆಟ್ಲಿ’ ಎಂದಿದೆಯೇ ನೋಡಿ. ವಿಂಡೋ ಮ್ಯಾನೇಜರಿಗೆ ಅದು ಇರಲೇಬೇಕು, ಇಲ್ಲದಿದ್ದರೆ ಅದು ಕುಸಿದಾಗ ಡೆಸ್ಕ್‌ಟಾಪ್ ಬಳಸಲಾಗದಂತಾಗುತ್ತದೆ. ಟರ್ಮಿನಲ್ಲಿಗೆ ಬೇಕಾಗಿಲ್ಲ.

ಹಲವರು ಬಳಸುವ ಕಂಪ್ಯೂಟರಾಗಿದ್ದು, ಯಾರೂ ಸೆಷನ್ ಉಳಿಸದಂತೆ ಮಾಡಬೇಕಿದ್ದರೆ ಎಕ್ಸ್‌ಎಫ್‌ಸಿಇಯ ಕಿಯೋಸ್ಕ್ ಸೌಲಭ್ಯವಿದೆ. ಇಡೀ ವ್ಯವಸ್ಥೆಯ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರಿನಡಿ ಇರುವ ಅದರ ಸಂರಚನಾ ಕಡತದಲ್ಲಿ ಸೆಷನ್ ಉಳಿಸುವ ಅಧಿಕಾರ ಯಾರಿಗೂ ಇಲ್ಲವೆಂದು ಬರೆದರೆ ಆ ಯಂತ್ರದ ಎಲ್ಲ ಬಳಕೆದಾರರಿಗೂ ಅದು ಅನ್ವಯಿಸುತ್ತದೆ. ಸೆಷನ್ಸ್ ಫೋಲ್ಡರಿಗೆ ಬರೆಯುವ ಅನುಮತಿಯನ್ನೇ ತೆಗೆದುಹಾಕುವ ಉಪಾಯವೂ ಬಳಕೆಯಲ್ಲಿದೆ. ಅದನ್ನು ನಾನು ಕೊನೆಯ ಉಪಾಯವಾಗಿ ಮಾತ್ರ ಹೇಳುತ್ತೇನೆ, ಏಕೆಂದರೆ ಆರು ತಿಂಗಳ ನಂತರ ಅದನ್ನು ಮಾಡಿದ್ದೇ ಮರೆತುಹೋಗಿ, ಸೆಷನ್ ಉಳಿಯುತ್ತಿಲ್ಲವೇಕೆ ಎಂದು ಹುಡುಕಾಡಬೇಕಾಗುತ್ತದೆ.

ಹೊಸದಾಗಿ ಇನ್‌ಸ್ಟಾಲ್ ಮಾಡುವ ಸಲಹೆಯ ಬಗ್ಗೆ ಒಂದು ಮಾತು. ಸೆಷನ್ನಿನ ಕಡತ ಇರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ. ಮರುಇನ್‌ಸ್ಟಾಲ್ ಮಾಡುವವರು ತಮ್ಮ ದಾಖಲೆಗಳು ಹೋಗದಿರಲೆಂದು ಹೋಮ್ ಫೋಲ್ಡರನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಮೊದಲಿನ ಹೆಸರನ್ನೇ ಕೊಟ್ಟರೆ, ಅರ್ಧ ದಿನ ಕಳೆದು ಹೊಸ ವ್ಯವಸ್ಥೆಗೆ ಲಾಗಿನ್ ಆದಾಗಲೂ ಅವೇ ಮೂರು ಟರ್ಮಿನಲ್‌ಗಳು ತೆರೆದುಕೊಳ್ಳುತ್ತವೆ.

ಪ್ರಶ್ನೆ: ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ‘ಖಾಲಿ ಸೆಷನ್ನಿನಿಂದ ಆರಂಭಿಸು’ ಎಂಬ ಆಯ್ಕೆಯನ್ನು ಆರಿಸಿದ್ದೇನೆ. ಆದರೂ ಲಾಗಿನ್ ಆದೊಡನೆ ಚಾಟ್ ತಂತ್ರಾಂಶವೂ ಬ್ರೌಸರೂ ತೆರೆಯುತ್ತವೆ, ಬ್ರೌಸರಿನಲ್ಲಿ ಹಳೆಯ ಟ್ಯಾಬ್‌ಗಳೆಲ್ಲ ಇರುತ್ತವೆ. ಉಳಿಸಿಟ್ಟ ಸೆಷನ್ ಎಲ್ಲಿದೆಯೆಂದು ತಿಳಿಸಿದರೆ ಅಳಿಸುತ್ತೇನೆ.

ಉತ್ತರ: ನಿಮ್ಮ ವಿಷಯದಲ್ಲಿ ಉಳಿಸಿಟ್ಟ ಸೆಷನ್ನಿನ ಮೇಲೆ ಅನುಮಾನ ಪಡಬೇಕಾಗಿಲ್ಲ. ಕೆಡಿಇ ಈ ಪ್ರಶ್ನೆಯನ್ನು ಲಾಗಿನ್‌ನ ಕಡೆಯಿಂದ ಕೇಳುತ್ತದೆ: ಹಿಂದಿನ ಲಾಗ್‌ಔಟ್‌ನ ಸೆಷನ್ ಬೇಕೇ, ನೀವಾಗಿಯೇ ಉಳಿಸಿದ ಸೆಷನ್ ಬೇಕೇ, ಖಾಲಿ ಸೆಷನ್ ಬೇಕೇ ಎಂದು. ಖಾಲಿ ಎಂದರೆ ಉಳಿಸಿದ್ದು ಇದ್ದರೂ ಅದನ್ನು ತೆರೆಯುವುದಿಲ್ಲ. ಬಳಕೆದಾರರ ಮನಸ್ಸಿನಲ್ಲಿರುವ ಪ್ರಶ್ನೆಯೂ ಅದೇ ಆಗಿರುವುದರಿಂದ, ನನ್ನ ದೃಷ್ಟಿಯಲ್ಲಿ ಕೆಡಿಇಯ ಏರ್ಪಾಡು ಎಕ್ಸ್‌ಎಫ್‌ಸಿಇಯದಕ್ಕಿಂತ ಸ್ಪಷ್ಟವಾಗಿದೆ.

ಹಾಗಿದ್ದರೆ ಇವನ್ನು ತೆರೆಯುತ್ತಿರುವುದು ಆಟೋಸ್ಟಾರ್ಟ್, ಅಂದರೆ ಲಾಗಿನ್ ಆದಾಗಲೆಲ್ಲ ತಾನಾಗಿ ಚಾಲೂ ಆಗಬೇಕಾದವುಗಳ ಪಟ್ಟಿ. ಇದು ಸೆಷನ್ ಉಳಿಸುವ ವ್ಯವಸ್ಥೆಯಿಂದ ಪೂರ್ತಿ ಪ್ರತ್ಯೇಕ. ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ ‘ಕಾನ್ಫಿಗ್’ ಫೋಲ್ಡರಿನೊಳಗೆ ನಿಮ್ಮ ಸ್ವಂತ ‘ಆಟೋಸ್ಟಾರ್ಟ್’ ಫೋಲ್ಡರ್ ಇದೆ. ಇಟಿಸಿ ಫೋಲ್ಡರಿನೊಳಗಿನ ‘ಎಕ್ಸ್‌ಡಿಜಿ’ ಎಂಬಲ್ಲಿ ಎಲ್ಲ ಬಳಕೆದಾರರಿಗೂ ಸಾಮಾನ್ಯವಾದ ಇನ್ನೊಂದು ಇದೆ. ಎರಡರಲ್ಲೂ ಒಂದೇ ಹೆಸರಿನ ಕಡತವಿದ್ದರೆ ನಿಮ್ಮದಕ್ಕೇ ಮನ್ನಣೆ. ಮೊದಲ ಪ್ರಶ್ನೆಯನ್ನು ಓದಿ ಬಂದವರು ಇಲ್ಲಿ ಎಚ್ಚರ ವಹಿಸಬೇಕು. ಅಲ್ಲಿ ಕಡತ ಅಳಿಸುವುದೇ ಪರಿಹಾರವಾಗಿತ್ತು. ಇಲ್ಲಿ ನಿಮ್ಮ ಫೋಲ್ಡರಿನ ಕಡತವನ್ನು ಅಳಿಸಿದರೆ ವ್ಯವಸ್ಥೆಯ ಫೋಲ್ಡರಿನಲ್ಲಿರುವ ಅದೇ ಹೆಸರಿನ ಕಡತ ಜೀವ ಪಡೆದು, ಆಫ್ ಆಗಿದ್ದ ತಂತ್ರಾಂಶ ಮತ್ತೆ ಆನ್ ಆಗುತ್ತದೆ. ಅಂಥ ಸಂದರ್ಭದಲ್ಲಿ ನಿಮ್ಮ ಫೋಲ್ಡರಿನಲ್ಲಿ ಅದೇ ಹೆಸರಿನ ಕಡತವನ್ನು ಉಳಿಸಿಕೊಂಡು, ಅದರಲ್ಲಿ ‘ಹಿಡನ್’ ಎಂಬುದರ ಮೌಲ್ಯವನ್ನು ‘ಟ್ರೂ’ ಎಂದು ಇಡಬೇಕು. ಆಗ ವ್ಯವಸ್ಥೆಯ ಕಡತವನ್ನು ಇಲ್ಲವೆಂದೇ ಪರಿಗಣಿಸಲಾಗುತ್ತದೆ.

ಚಾಟ್ ತಂತ್ರಾಂಶಗಳಲ್ಲಿ ಕೆಲವು ತಮ್ಮ ಆಟೋಸ್ಟಾರ್ಟ್ ಕಡತವನ್ನು ತಾವೇ ಬರೆದುಕೊಳ್ಳುತ್ತವೆ. ನೀವು ತೆಗೆದರೂ ಮುಂದಿನ ಸಲ ತೆರೆದಾಗ ಮತ್ತೆ ಬರೆಯುತ್ತವೆ. ಅದಕ್ಕೆ ಆ ತಂತ್ರಾಂಶದ ಒಳಗಿನ ಸೆಟ್ಟಿಂಗ್ಸ್‌ಗೇ ಹೋಗಿ ‘ಲಾಗಿನ್ ಆದಾಗ ಚಾಲೂ ಮಾಡು’ ಎಂಬುದನ್ನು ತೆಗೆಯಬೇಕು. ಬ್ರೌಸರಿನ ಹಳೆಯ ಟ್ಯಾಬ್‌ಗಳು ಮೂರನೆಯ ವಿಷಯ. ಫೈರ್‌ಫಾಕ್ಸ್‌ನಲ್ಲಿ ಹಿಂದಿನ ವಿಂಡೋ ಮತ್ತು ಟ್ಯಾಬ್‌ಗಳನ್ನು ತೆರೆಯುವ ಆಯ್ಕೆ, ಕ್ರೋಮ್‌ನಲ್ಲಿ ಬಿಟ್ಟಲ್ಲಿಂದ ಮುಂದುವರಿಸುವ ಆಯ್ಕೆ ಇರುತ್ತದೆ. ಡೆಸ್ಕ್‌ಟಾಪ್ ಸೆಷನ್ನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಪ್ರಶ್ನೆ: ಸ್ಕ್ರೀನ್‌ಸೇವರ್ ತಂತ್ರಾಂಶವನ್ನು ಆಫ್ ಮಾಡಿ, ಸಾಲದೆಂದು ಪೂರ್ತಿ ತೆಗೆದೂ ಹಾಕಿದೆ. ಆದರೂ ಹತ್ತು ನಿಮಿಷ ಸುಮ್ಮನಿದ್ದರೆ ಪರದೆ ಕಪ್ಪಾಗುತ್ತದೆ. ದೀರ್ಘ ಲೇಖನ ಓದುವಾಗ ಬಹಳ ತೊಂದರೆ. ಯಾರು ಮಾಡುತ್ತಿದ್ದಾರೆ ಇದನ್ನು?

ಉತ್ತರ: ಹತ್ತು ನಿಮಿಷ ಎಂಬ ಅವಧಿಯೇ ಉತ್ತರವನ್ನು ಹೇಳುತ್ತಿದೆ. ನೀವು ಎಕ್ಸ್ ಸೆಷನ್ ಬಳಸುತ್ತಿದ್ದೀರೆಂದು ಭಾವಿಸುತ್ತೇನೆ. ಪರದೆಯನ್ನು ನಿಯಂತ್ರಿಸುವ ಎಕ್ಸ್ ಸರ್ವರಿನೊಳಗೇ, ಯಾವ ಸ್ಕ್ರೀನ್‌ಸೇವರ್ ತಂತ್ರಾಂಶದ ನೆರವೂ ಇಲ್ಲದೆ, ಪರದೆಯನ್ನು ಕಪ್ಪು ಮಾಡುವ ವ್ಯವಸ್ಥೆ ಇದೆ. ಮಾನಿಟರಿನ ವಿದ್ಯುತ್ ಉಳಿಸುವ ಡಿಪಿಎಂಎಸ್ ಎಂಬ ಇನ್ನೊಂದು ವ್ಯವಸ್ಥೆಯೂ ಅದರ ಕೈಯಲ್ಲೇ ಇದೆ. ಎರಡರ ಮೂಲ ಅವಧಿಯೂ 10 ನಿಮಿಷ, ಅಂದರೆ 600 ಸೆಕೆಂಡು. ಸ್ಕ್ರೀನ್‌ಸೇವರ್ ಅಥವಾ ಪವರ್ ಮ್ಯಾನೇಜರ್ ತಂತ್ರಾಂಶ ಚಾಲನೆಯಲ್ಲಿರುವಷ್ಟು ಕಾಲ ಅದು ತನ್ನ ಅವಧಿಗಳನ್ನು ಸರ್ವರಿನ ಮೇಲೆ ಹೇರಿರುತ್ತದೆ. ನೀವು ಅದನ್ನು ತೆಗೆದುಹಾಕಿದ ಮೇಲೆ ಹೇಳುವವರಿಲ್ಲದೆ ಸರ್ವರ್ ತನ್ನ ಮೂಲ ಅಭ್ಯಾಸಕ್ಕೆ ಮರಳಿದೆ.

ಟರ್ಮಿನಲ್‌ನಲ್ಲಿ ‘ಎಕ್ಸ್‌ಸೆಟ್’ ಎಂಬ ಆದೇಶಕ್ಕೆ ಇಂಗ್ಲಿಷಿನ ಕ್ಯು ಅಕ್ಷರವನ್ನು ಜೋಡಿಸಿ ಕೇಳಿದರೆ ಸದ್ಯದ ಸ್ಥಿತಿಯೆಲ್ಲ ಪರದೆಯ ಮೇಲೆ ಬರುತ್ತದೆ. ‘ಸ್ಕ್ರೀನ್ ಸೇವರ್’ ಎಂಬ ಭಾಗದಲ್ಲಿ ‘ಟೈಮ್‌ಔಟ್’ ಎದುರಿಗೂ, ಡಿಪಿಎಂಎಸ್ ಭಾಗದಲ್ಲಿ ‘ಸ್ಟ್ಯಾಂಡ್‌ಬೈ’, ‘ಸಸ್ಪೆಂಡ್’, ‘ಆಫ್’ ಎಂಬ ಮೂರರ ಎದುರಿಗೂ 600 ಎಂದು ಕಂಡರೆ ಕಾರಣ ಇದೇ ಎಂದು ಖಚಿತ. ಅದೇ ಆದೇಶದಿಂದ ಎರಡನ್ನೂ ಆಫ್ ಮಾಡಬಹುದು, ಆದರೆ ಲಾಗ್‌ಔಟ್ ಆದೊಡನೆ ಆ ಬದಲಾವಣೆ ಹೋಗುತ್ತದೆ. ಶಾಶ್ವತವಾಗಿ ಬೇಕಿದ್ದರೆ ಆ ಆದೇಶವನ್ನು ಆಟೋಸ್ಟಾರ್ಟ್ ಪಟ್ಟಿಗೆ ಸೇರಿಸಬೇಕು, ಅಥವಾ ಎಕ್ಸ್ ಸರ್ವರಿನ ಸಂರಚನಾ ಕಡತದಲ್ಲಿ ಈ ಅವಧಿಗಳಿಗೆಲ್ಲ 0 ಎಂದು ಕೊಡಬೇಕು. ಇವೆರಡಕ್ಕಿಂತ ನನಗೆ ಸರಿಯೆನಿಸುವುದು ಪವರ್ ಮ್ಯಾನೇಜರನ್ನು ಉಳಿಸಿಕೊಂಡು ಅದರಲ್ಲಿ ‘ಎಂದಿಗೂ ಬೇಡ’ ಎಂದು ಆರಿಸುವುದು. ಹಾಗೆ ಮಾಡಿದರೆ ಸರ್ವರಿಗೆ ಬೇಡವೆಂದು ಹೇಳುವವರು ಪ್ರತಿ ಸೆಷನ್ನಿನಲ್ಲೂ ಇರುತ್ತಾರೆ, ಮತ್ತು ಮುಂದೆ ನಿಮಗೆ ಮನಸ್ಸು ಬದಲಾದರೆ ಹುಡುಕಬೇಕಾದ ಜಾಗ ಒಂದೇ ಆಗಿರುತ್ತದೆ.

ಕಪ್ಪಾದ ಪರದೆ ಮರಳಿ ಬರುವಾಗ ಪಾಸ್‌ವರ್ಡ್ ಕೇಳಿದರೆ ವಿಷಯ ಬೇರೆ. ಎಕ್ಸ್ ಸರ್ವರ್ ಪಾಸ್‌ವರ್ಡ್ ಕೇಳುವುದಿಲ್ಲ. ಆಗ ಲೈಟ್-ಲಾಕರ್, ಎಕ್ಸ್‌ಸ್ಕ್ರೀನ್‌ಸೇವರ್, ಎಕ್ಸ್‌ಎಫ್‌ಸಿಇಯದೇ ಸ್ಕ್ರೀನ್‌ಸೇವರ್ ಇಂಥವುಗಳಲ್ಲಿ ಇನ್ನೊಂದು ಎಲ್ಲೋ ಚಾಲನೆಯಲ್ಲಿದೆ ಎಂದರ್ಥ. ಒಂದೇ ಯಂತ್ರದಲ್ಲಿ ಇಂಥ ಎರಡು ತಂತ್ರಾಂಶಗಳಿರುವುದು ಅಪರೂಪವೇನಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್ ಮುಚ್ಚಿದರೆ ಏನೂ ಮಾಡಬೇಡ ಎಂದು ಸೆಟ್ಟಿಂಗ್ ಇಟ್ಟಿದ್ದೇನೆ. ಲಾಗಿನ್ ಆಗಿರುವಾಗ ಸರಿಯಾಗಿಯೇ ಇದೆ. ಲಾಗ್‌ಔಟ್ ಮಾಡಿ ಮುಚ್ಚಿದರೆ ಮಾತ್ರ ನಿದ್ರೆಗೆ ಹೋಗುತ್ತದೆ.

ಉತ್ತರ: ನಿಮ್ಮ ಸೆಟ್ಟಿಂಗ್ ನಿಮ್ಮ ಸೆಷನ್ನಿಗೆ ಸೇರಿದ್ದು, ಸೆಷನ್ ಇರುವಷ್ಟು ಕಾಲ ಮಾತ್ರ ಅದಕ್ಕೆ ಬೆಲೆ. ಹಿನ್ನೆಲೆ ಸೇವೆಗಳನ್ನು ನಿರ್ವಹಿಸಲು ಸಿಸ್ಟಮ್‌ಡಿ ಎಂಬ ತಂತ್ರಾಂಶವನ್ನು ಬಳಸುವ ಲಿನಕ್ಸ್‌ಗಳಲ್ಲಿ ಮುಚ್ಚಳದ ವಿಷಯವನ್ನು ಮೂಲತಃ ನೋಡಿಕೊಳ್ಳುವುದು ‘ಲಾಗಿನ್‌ಡಿ’ ಎಂಬ ಸೇವೆ. ಬೇರೆ ಏನೂ ಹೇಳದಿದ್ದರೆ ಮುಚ್ಚಿದಾಗ ನಿದ್ರೆಗೆ ಕಳುಹಿಸುವುದೇ ಅದರ ಪದ್ಧತಿ. ನೀವು ಲಾಗಿನ್ ಆದಾಗ ಡೆಸ್ಕ್‌ಟಾಪಿನ ಪವರ್ ಮ್ಯಾನೇಜರ್ ‘ಇದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಲಾಗಿನ್‌ಡಿಯಿಂದ ತಡೆಯಾಜ್ಞೆ ಪಡೆಯುತ್ತದೆ. ಲಾಗ್‌ಔಟ್ ಆದೊಡನೆ ಆ ತಡೆ ತೆರವಾಗುತ್ತದೆ. ಲಾಗಿನ್ ಪರದೆಯಲ್ಲೂ ನಿದ್ರೆ ಬೇಡವಾಗಿದ್ದರೆ ಇಟಿಸಿ ಫೋಲ್ಡರಿನಡಿಯ ಲಾಗಿನ್‌ಡಿ ಸಂರಚನಾ ಕಡತದಲ್ಲಿ ಮುಚ್ಚಳಕ್ಕೆ ಸಂಬಂಧಿಸಿದ ಸಾಲಿಗೆ ‘ಇಗ್ನೋರ್’ ಎಂಬ ಮೌಲ್ಯ ಕೊಡಿ. ಮುಚ್ಚಿದ ಲ್ಯಾಪ್‌ಟಾಪನ್ನು ಚೀಲದೊಳಗೆ ಇಡುವ ಅಭ್ಯಾಸವಿದ್ದರೆ ಮಾತ್ರ ಈ ಬದಲಾವಣೆ ಬೇಡ; ಒಳಗೆ ಬಿಸಿ ಏರುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಒಂದು ಡ್ರೈವರಿನ ಸೌಲಭ್ಯವನ್ನು ಆಫ್ ಮಾಡಿದೆ. ಕಂಪ್ಯೂಟರನ್ನು ಮತ್ತೆ ಆರಂಭಿಸಿದ ಮೇಲೆ ಬದಲಾವಣೆ ಜಾರಿಗೆ ಬರುತ್ತದೆ ಎಂಬ ಸೂಚನೆ ಬಂತು. ಪ್ರತಿ ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡುತ್ತಿದ್ದೇನೆ, ಒಂದು ವಾರವಾದರೂ ಜಾರಿಗೆ ಬಂದಿಲ್ಲ.

ಉತ್ತರ: ‘ಫಾಸ್ಟ್ ಸ್ಟಾರ್ಟಪ್’ ಎಂಬುದು ಆನ್ ಇದ್ದರೆ ಹೀಗಾಗುತ್ತದೆ. 2012ರಲ್ಲಿ ವಿಂಡೋಸ್ 8ರ ಜೊತೆ ಬಂದ ಸೌಲಭ್ಯ ಅದು. ಶಟ್‌ಡೌನ್ ಒತ್ತಿದಾಗ ನಿಮ್ಮ ಬಳಕೆದಾರ ಸೆಷನ್ ಮುಗಿಯುತ್ತದೆ, ನಿಜ. ಆದರೆ ವಿಂಡೋಸಿನ ತಿರುಳು ಮತ್ತು ಡ್ರೈವರ್‌ಗಳು ಇರುವ ಕರ್ನಲ್ ಸೆಷನ್ ಮುಗಿಯುವುದಿಲ್ಲ. ಅದನ್ನು ಡಿಸ್ಕಿನ ಹೈಬರ್ನೇಷನ್ ಕಡತಕ್ಕೆ ಬರೆದಿಟ್ಟು, ಬೆಳಿಗ್ಗೆ ಅಲ್ಲಿಂದಲೇ ಮರಳಿ ತರಲಾಗುತ್ತದೆ. ನೀವು ಹೊಸ ಆರಂಭವೆಂದು ತಿಳಿದದ್ದು ಹಳೆಯದರ ಮುಂದುವರಿಕೆ. ಮೊದಲ ಪ್ರಶ್ನೆಯಲ್ಲಿ ಬಂದ ಉಳಿಸಿಟ್ಟ ಸೆಷನ್ನಿನ ತತ್ವವೇ ಇಲ್ಲಿ ಇನ್ನಷ್ಟು ಆಳದಲ್ಲಿ ಕೆಲಸ ಮಾಡುತ್ತಿದೆ.

‘ರೀಸ್ಟಾರ್ಟ್’ ಎಂಬ ಆಯ್ಕೆಗೆ ಇದು ಅನ್ವಯಿಸುವುದಿಲ್ಲ, ಅದು ಯಾವಾಗಲೂ ಪೂರ್ಣ ಆರಂಭವನ್ನೇ ಮಾಡುತ್ತದೆ. ಆದ್ದರಿಂದ ಇಂದು ಒಮ್ಮೆ ರೀಸ್ಟಾರ್ಟ್ ಮಾಡಿ, ನಿಮ್ಮ ಬದಲಾವಣೆ ಜಾರಿಗೆ ಬಂದಿದೆಯೇ ನೋಡಿ. ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ಶಟ್‌ಡೌನ್ ಒತ್ತಿದರೂ ಆ ಒಂದು ಸಲಕ್ಕೆ ಪೂರ್ಣ ಶಟ್‌ಡೌನ್ ಆಗುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಗಳಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಕೇಳುವ ಪುಟಕ್ಕೆ ಹೋದರೆ ಫಾಸ್ಟ್ ಸ್ಟಾರ್ಟಪ್ಪನ್ನು ಶಾಶ್ವತವಾಗಿಯೂ ತೆಗೆಯಬಹುದು. ಸಿಸ್ಟಮ್ ಇರುವುದು ಎಸ್‌ಎಸ್‌ಡಿಯಲ್ಲಾದರೆ ಅದರಿಂದ ಉಳಿಯುವ ಸಮಯ ಅಷ್ಟು ದೊಡ್ಡದಲ್ಲ. ತೆಗೆದರೆ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಲಾಗಿನ್ ಆದೊಡನೆ ಹಳೆಯ ಆ್ಯಪ್‌ಗಳು ತೆರೆಯುವುದು ವಿಂಡೋಸ್‌ನಲ್ಲಿ ಬೇರೆಯದೇ ಸ್ವಿಚ್. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ವಿಭಾಗದ ಸೈನ್-ಇನ್ ಆಯ್ಕೆಗಳಲ್ಲಿ ಅದಿದೆ. ಅದು ಆಫ್ ಇದ್ದೂ ಯಾವುದಾದರೂ ಆ್ಯಪ್ ಬರುತ್ತಿದ್ದರೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನು ನೋಡಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ಲಾಗ್‌ಔಟ್ ಆದ ಮೇಲೂ ನನ್ನ ಹೆಸರಿನಲ್ಲಿ ಕೆಲವು ಕೆಲಸಗಳು ನಡೆಯುತ್ತಲೇ ಇರುತ್ತವೆ. ಸೆಷನ್ ಮುಗಿದರೆ ಅವೂ ಮುಗಿಯಬೇಕಲ್ಲವೇ?

ಉತ್ತರ: ಮುಗಿಯಲೇಬೇಕೆಂದಿಲ್ಲ. 2016ರಲ್ಲಿ ಬಂದ ಸಿಸ್ಟಮ್‌ಡಿ 230ನೇ ಆವೃತ್ತಿಯು ಲಾಗ್‌ಔಟ್ ಆದಾಗ ಬಳಕೆದಾರರ ಎಲ್ಲ ಪ್ರಕ್ರಿಯೆಗಳನ್ನೂ ಕೊನೆಗೊಳಿಸುವುದನ್ನು ತನ್ನ ಮೂಲ ಪದ್ಧತಿಯಾಗಿ ಮಾಡಿಕೊಂಡಿತು. ರಾತ್ರಿಯಿಡೀ ನಡೆಯಬೇಕಾದ ಕೆಲಸವನ್ನು ಟರ್ಮಿನಲ್ಲಿನಲ್ಲಿ ಬಿಟ್ಟುಹೋಗುವವರಿಗೆ ಅದರಿಂದ ತೊಂದರೆಯಾಗುತ್ತಿದ್ದುದರಿಂದ, ಡೆಬಿಯನ್ ಮುಂತಾದ ಲಿನಕ್ಸ್ ವಿತರಣೆಗಳು ತಮ್ಮಲ್ಲಿ ಅದನ್ನು ಆಫ್ ಮಾಡಿಟ್ಟವು. ಆದ್ದರಿಂದ ಇದು ನೀವು ಬಳಸುವ ಲಿನಕ್ಸನ್ನು ಅವಲಂಬಿಸಿದೆ. ಇದಲ್ಲದೆ ‘ಲಿಂಗರ್’ ಎಂಬ ಅನುಮತಿಯನ್ನು ನಿಮ್ಮ ಖಾತೆಗೆ ಕೊಟ್ಟಿದ್ದರೆ ನಿಮ್ಮ ಸೇವೆಗಳು ಲಾಗಿನ್ ಇಲ್ಲದೆಯೂ ನಡೆಯುತ್ತವೆ. ಕೆಲವು ಕಂಟೇನರ್ ತಂತ್ರಾಂಶಗಳನ್ನು ಸಿದ್ಧಪಡಿಸುವಾಗ ಅದನ್ನು ಆನ್ ಮಾಡಿರುತ್ತಾರೆ, ಆ ತಂತ್ರಾಂಶ ತೆಗೆದ ಮೇಲೂ ಅನುಮತಿ ಉಳಿದಿರುತ್ತದೆ. ‘ಲಾಗಿನ್‌ಸಿಟಿಎಲ್’ ಎಂಬ ಆದೇಶದಿಂದ ಅದನ್ನು ನೋಡಲೂ ತೆಗೆಯಲೂ ಬರುತ್ತದೆ.

ಪ್ರಶ್ನೆ: ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ ಕಡತವನ್ನೇ ಎಡಿಟರ್‌ನಲ್ಲಿ ತೆರೆದು ಸೆಷನ್ ಉಳಿಸುವುದನ್ನು ಆಫ್ ಮಾಡಿದೆ. ಮತ್ತೆ ತೆರೆದು ನೋಡಿದರೆ ಹಳೆಯದೇ ಇದೆ. ಕಡತಕ್ಕೆ ಏನಾಗಿದೆ?

ಉತ್ತರ: ಕಡತ ಚೆನ್ನಾಗಿಯೇ ಇದೆ. ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್‌ಗಳನ್ನೆಲ್ಲ ‘ಎಕ್ಸ್‌ಎಫ್‌ಕಾನ್ಫ್‌ಡಿ’ ಎಂಬ ಸೇವೆಯು ಸೆಷನ್ನಿನ ಆರಂಭದಲ್ಲಿ ಓದಿಕೊಂಡು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ನೀವು ಕಡತದಲ್ಲಿ ಬರೆದದ್ದು ಅದರ ಗಮನಕ್ಕೆ ಬರುವುದಿಲ್ಲ. ಯಾವುದಾದರೂ ಸೆಟ್ಟಿಂಗ್ ಬದಲಾಗಿ ಅದು ಕಡತವನ್ನು ಬರೆಯುವಾಗ ತನ್ನ ನೆನಪಿನಲ್ಲಿರುವುದನ್ನೇ ಬರೆದು, ನಿಮ್ಮ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ. ಮ್ಯಾಕ್‌ನಲ್ಲಿ ಪ್ರಿಫರೆನ್ಸ್ ಕಡತಗಳನ್ನು ಕೈಯಿಂದ ತಿದ್ದುವವರಿಗೂ ಇದೇ ಅನುಭವವಾಗುತ್ತದೆ; ಅಲ್ಲಿಯೂ ಮಧ್ಯದಲ್ಲಿ ಇಂಥದ್ದೇ ಒಂದು ಸೇವೆ ಇದೆ. ಗ್ನೋಮ್ ಡೆಸ್ಕ್‌ಟಾಪಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಡಿಕಾನ್ಫ್‌ನಲ್ಲಂತೂ ಕಡತವೇ ಬೈನರಿ ರೂಪದ್ದಾದ್ದರಿಂದ ಕೈಯಿಂದ ತಿದ್ದುವ ಪ್ರಶ್ನೆಯೇ ಏಳುವುದಿಲ್ಲ.

ಸೇವೆಯ ಮೂಲಕವೇ ಬದಲಾಯಿಸಿ. ಅದಕ್ಕಾಗಿ ‘ಸೆಟ್ಟಿಂಗ್ಸ್ ಎಡಿಟರ್’ ಎಂಬ ತಂತ್ರಾಂಶ ಎಕ್ಸ್‌ಎಫ್‌ಸಿಇಯಲ್ಲೇ ಇದೆ. ಎಡಗಡೆಯ ಪಟ್ಟಿಯಲ್ಲಿ ಸೆಷನ್ನಿನ ಚಾನೆಲನ್ನು ಆರಿಸಿ, ಬಲಗಡೆಯಲ್ಲಿ ‘ಜನರಲ್’ ಎಂಬುದರ ಕೆಳಗಿನ ‘ಆಟೋಸೇವ್’ ಮತ್ತು ‘ಸೇವ್ ಆನ್ ಎಕ್ಸಿಟ್’ ಎರಡನ್ನೂ ಆಫ್ ಮಾಡಿ. ಮಾಡಿದ ತಕ್ಷಣ ಅದು ಸೇವೆಯ ನೆನಪಿಗೂ ಹೋಗುತ್ತದೆ, ಕಡತಕ್ಕೂ ಸೇರುತ್ತದೆ. ಹಿಂದೆ ಉಳಿಸಿಟ್ಟ ಸೆಷನ್ನಿನ ಕಡತವನ್ನು ಮಾತ್ರ ಇದು ಮುಟ್ಟುವುದಿಲ್ಲ, ಅದನ್ನು ಮೊದಲ ಉತ್ತರದಲ್ಲಿ ಹೇಳಿದಂತೆ ಬೇರೆಯಾಗಿಯೇ ಅಳಿಸಿ.